ಲವಂಗದೆಣ್ಣೆ ಮತ್ತು ಡೇರಿಯ ಚೀಟಿ

ಕೆಲಸ ವೈಟ್‌ಫೀಲ್ಡ್‌ನಲ್ಲಿ, ಮನೆ ವರ್ತೂರಿನಾಚೆ. ಮನೆಯಲ್ಲಿ ಎಚ್‌ಎಫ್ ಹಸುಗಳಿವೆ. ನಮ್ಮ ಕಡೆ ಇದೇನೂ ಅಪರೂಪವಲ್ಲ. ಅಪಾರ್ಟ್‌ಮೆಂಟುಗಳ ಕಾಂಪೌಂಡಿಗೆ ಒತ್ತಿಕೊಂಡೇ ಇನ್ನೂ ಕೊಟ್ಟಿಗೆಗಳು ಉಳಿದಿವೆ. ಕಂಪ್ಯೂಟರಿನಲ್ಲಿ ಓದಿದ್ದನ್ನೆಲ್ಲ ಕೊಟ್ಟಿಗೆಗೂ ತರುವ ಚಟ ಮಾತ್ರ ನನ್ನದೇ.

ಹಸುವಿನ ಮೊದಲ ಹೊಟ್ಟೆ ರುಮೆನ್. ಅಲ್ಲಿ ಮೇವನ್ನು ಹುದುಗಿಸುವವು ಸೂಕ್ಷ್ಮಜೀವಿಗಳು. ಆಗ ಹುಟ್ಟುವ ಮೀಥೇನ್ ತೇಗಿನೊಂದಿಗೆ ಹೊರಬೀಳುತ್ತದೆ. ಮೇವಿನ ಶಕ್ತಿಯಲ್ಲಿ ಶೇ 2ರಿಂದ 12ರಷ್ಟು ಹೀಗೆ ಗಾಳಿಪಾಲು. 2006ರ ಜನವರಿಯಿಂದ ಐರೋಪ್ಯ ಒಕ್ಕೂಟ ಬೆಳವಣಿಗೆಗೆಂದು ಪಶು ಆಹಾರಕ್ಕೆ ಆಂಟಿಬಯೋಟಿಕ್ ಬೆರೆಸುವುದನ್ನು ನಿಷೇಧಿಸಿದ ಮೇಲೆ, ಅದಕ್ಕೆ ಬದಲಿಯಾಗಿ ಲವಂಗದ ಯೂಜೆನಾಲ್, ಓಮದ ಥೈಮಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್‌ಗಳ ಕಡೆ ವಿಜ್ಞಾನಿಗಳ ಗಮನ ಇನ್ನಷ್ಟು ಹರಿಯಿತು. ಇವುಗಳಿಂದ ಮೀಥೇನ್ ಇಳಿಯುತ್ತದೆಂದು ಓದಿದೆ. ಉಳಿದ ಶಕ್ತಿಯೆಲ್ಲ ಹಾಲಾಗುತ್ತದೆಂಬ ಲೆಕ್ಕ ನಾನೇ ಹಾಕಿಕೊಂಡದ್ದು.

ಅಮ್ಮ ಮೊದಲೇ ಅಂದಿದ್ದರು: “ಹೊಟ್ಟೆ ಉಬ್ಬರ ಬಂದ್ರೆ ಓಮ ಕುಡಿಸ್ತೀವಿ. ಹಂಗಂತ ದಿನಾ ಕುಡಿಸ್ತಾರೇನಪ್ಪಾ?”

ಲವಂಗದೆಣ್ಣೆಯನ್ನು ಬೂಸಾಕ್ಕೆ ಕಲಸಿದೆ. ಘಾಟಿಗೆ ಹಸುಗಳು ಬಾನಿಯಿಂದ ಮೂತಿ ತಿರುಗಿಸಿದವು. ಬೆಲ್ಲ ಬೆರೆಸಿ ತಿನ್ನಿಸಿದೆ. ಹಾಲು ಹೆಚ್ಚದಿದ್ದಾಗ ನಿಲ್ಲಿಸುವ ಬದಲು ಎಣ್ಣೆ ಹೆಚ್ಚಿಸಿದೆ. ರಾಗಿ ಹುಲ್ಲು ಗೋದಲಿಯಲ್ಲೇ ಉಳಿಯತೊಡಗಿತು, ಮೆಲುಕು ಕಡಿಮೆಯಾಯಿತು. ಡೇರಿಯಲ್ಲಿ ದುಡ್ಡು ಬರುವುದು ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ. ಫ್ಯಾಟ್ ಇಳಿಯಿತು. ಅಮ್ಮ ಏನೂ ಹೇಳದೆ ಡೇರಿಯ ಚೀಟಿಯನ್ನು ನನ್ನ ಲ್ಯಾಪ್‌ಟಾಪ್ ಮೇಲಿಟ್ಟು ಹೋದರು. ಬೈದಿದ್ದರೆ ವಾಸಿಯಿತ್ತು.

ಪಶುವೈದ್ಯರು ಬಂದು ನೋಡಿದರು. “ಇವು ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಹಾಳು ಮಾಡೋ ಎಣ್ಣೆಗಳು ಸಾರ್. ಡೋಸ್ ಜಾಸ್ತಿಯಾದ್ರೆ ನಾರು ಅರಗಿಸೋವೂ ಸಾಯ್ತವೆ,” ಎಂದರು. ನಾರು ಹುದುಗಿದಾಗ ಹೆಚ್ಚಾಗಿ ಬರುವುದು ಅಸಿಟಿಕ್ ಆಮ್ಲ, ಹಾಲಿನ ಕೊಬ್ಬಿಗೆ ಮುಖ್ಯ ಕಚ್ಚಾಮಾಲು ಅದೇ. ಫ್ಯಾಟ್ ಯಾಕೆ ಇಳಿಯಿತೆಂದು ಆಮೇಲೆ ಹೇಳಬೇಕಾಗಲಿಲ್ಲ.

ಓದಿದ್ದನ್ನೇ ಮತ್ತೆ ತೆಗೆದು ನೋಡಿದೆ. ಬಹುಪಾಲು ಫಲಿತಾಂಶಗಳು ರುಮೆನ್ ದ್ರವವನ್ನು ಬಾಟಲಿಗೆ ತುಂಬಿ ಒಂದೆರಡು ದಿನ ಇಟ್ಟು ಪಡೆದವು. ಜೀವಂತ ಹಸುವಿನಲ್ಲಿ ಸೂಕ್ಷ್ಮಜೀವಿಗಳು ಎಣ್ಣೆಗೆ ಒಗ್ಗಿಕೊಂಡು ಪರಿಣಾಮ ಕರಗುವುದೂ ಉಂಟು. ರುಮೆನ್ ಎಷ್ಟು ಹುಳಿಯಾಗಿದೆ ಎಂಬುದರ ಮೇಲೂ ಅದು ಬದಲಾಗುತ್ತದೆ. ಧಾನ್ಯ ಹೆಚ್ಚು ತಿನ್ನುವ ಹಸುವಿನದೊಂದು ಕಥೆ, ರಾಗಿ ಹುಲ್ಲಿನ ಹಸುವಿನದು ಇನ್ನೊಂದು. ಟೆಸ್ಟ್ ಸರ್ವರ್‌ನಲ್ಲಿ ಓಡಿದ್ದು ಪ್ರೊಡಕ್ಷನ್‌ನಲ್ಲಿ ಕೈಕೊಡುತ್ತದೆ ಎಂದು ಆಫೀಸಿನ ಹೊಸಬರಿಗೆ ಬೋಧಿಸುವವನು ನಾನೇ!

ಇಷ್ಟಕ್ಕೂ ಹಸುವಿನ ಮೇವು, ಮೀಥೇನ್‌ಗಳನ್ನೇ ಅಭ್ಯಾಸ ಮಾಡುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲೇ ಇದೆ. ಅದರ ‘ಹರಿತ್ ಧಾರಾ’ ಎಂಬ ಪಶು ಆಹಾರ ಪೂರಕ ಟ್ಯಾನಿನ್ ಇರುವ ಗಿಡಗಳಿಂದ ಮಾಡಿದ್ದು, ಎಣ್ಣೆಯಲ್ಲ. ದಿನಕ್ಕೆ 500 ಗ್ರಾಂ ಕೊಟ್ಟರೆ ಮೀಥೇನ್ ಶೇ 17ರಿಂದ 20ರಷ್ಟು ತಗ್ಗುತ್ತದೆ ಎನ್ನುತ್ತದೆ ಸಂಸ್ಥೆ. ಪಕ್ಕದಲ್ಲಿದ್ದವರನ್ನು ಬಿಟ್ಟು ನಾನು ಯುರೋಪಿನ ಪ್ರಬಂಧ ಹಿಡಿದು ಕೂತಿದ್ದೆ.

ಎಣ್ಣೆ ನಿಲ್ಲಿಸಿದ ಮೇಲೆ ಹಸುಗಳು ಚೇತರಿಸಿಕೊಂಡವು. ನಿಮ್ಮ ಕೊಟ್ಟಿಗೆಗೆ ಯಾರಾದರೂ ಇಂಥ ಎಣ್ಣೆ ಬೆರೆಸಿದ ಪುಡಿ ಮಾರಲು ಬಂದರೆ, ರಾಗಿ ಹುಲ್ಲು ತಿನ್ನುವ ಹಸುಗಳಿಗೆ ಕೊಟ್ಟು ನೋಡಿದ್ದಾರೆಯೇ, ದಿನಕ್ಕೆ ಎಷ್ಟು ಗ್ರಾಂ ಎಂದು ಕೇಳಿ. ಉತ್ತರ ಸರಿಬಾರದಿದ್ದರೆ ಕೊಳ್ಳಬೇಡಿ.