ಫ್ರಿಜ್ ಮೇಲಿನ ಟೈಮ್‌ಟೇಬಲ್

ಡಲ್ಲಾಸ್‌ನಲ್ಲಿ ನನ್ನ ಸಹೋದ್ಯೋಗಿಯೊಬ್ಬನ ಮನೆಯೇ ಮಕ್ಕಳ ಶಾಲೆ. ಕ್ರೈಸ್ತ ಕುಟುಂಬ, ಹೆಂಡತಿಯೇ ಟೀಚರ್. ಮೊನ್ನೆ ಊಟಕ್ಕೆ ಹೋದವನು ಫ್ರಿಜ್ ಮೇಲಿನ ಟೈಮ್‌ಟೇಬಲ್ ನೋಡಿ ದಂಗಾದೆ. 8ಕ್ಕೆ ಬೈಬಲ್, 8.30ಕ್ಕೆ ಓದು, 9.30ಕ್ಕೆ ಲೆಕ್ಕ... ನಮ್ಮ ಪ್ರಾಜೆಕ್ಟ್ ಪ್ಲಾನೇ ವಾಸಿ ಮಾರಾಯ್ರೆ!

ದೊಡ್ಡ ಮಗಳಿಗೆ ಅದು ಒಗ್ಗಿತ್ತಂತೆ. ಏಳು ವರ್ಷದ ತಮ್ಮನಿಗೆ ಮಾತ್ರ ಪುಸ್ತಕ ಕಂಡರೆ ಅಳು. ಅಕ್ಷರ ಕೂಡಿಸಲು ಇನ್ನೂ ಬರುವುದಿಲ್ಲ. ಚಿಕ್ಕ ಮಕ್ಕಳಿಗೆ ಪಾಠ ಇಪ್ಪತ್ತು ನಿಮಿಷ ದಾಟಬಾರದು ಅಂತ ಶಾರ್ಲಟ್ ಮೇಸನ್ 1886ರಲ್ಲೇ ಬರೆದಿದ್ದರು. "ಅದನ್ನು ಓದಿಯೂ ಗಂಟೆಗಟ್ಟಲೆ ಕೂರಿಸಿದೆ" ಅಂದರು ಆಕೆ. "ಶಾಲೆಗೆ ಕಳಿಸಿದ್ದರೆ ಟೀಚರನ್ನು ಬೈಯಬಹುದಿತ್ತು. ಈಗ ಯಾರನ್ನು ಬೈಯಲಿ?"

ಈಗ ಅವನಿಗೆ ಹತ್ತು ನಿಮಿಷ ಓದು, ಆಮೇಲೆ ಹಿತ್ತಲು. ಊಟದ ಮುಂಚಿನ ಪ್ರಾರ್ಥನೆಯಲ್ಲಿ ಅವನ ಹೆಸರು ಬಂದಾಗ ಆಕೆಯ ದನಿ ತಡವರಿಸಿತು. ಅವನು ಒಂದು ಕಣ್ಣು ತೆರೆದು ಅಮ್ಮನನ್ನೇ ನೋಡುತ್ತಿದ್ದ.