ಮೊಳಕೆಯಲ್ಲೇ ಕಾಣುವುದೆಷ್ಟು?

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂಬ ಮಾತನ್ನು ಕೇಳದೆ ಬೆಳೆದ ಮಕ್ಕಳು ಕನ್ನಡ ನಾಡಿನಲ್ಲಿ ಇರಲಾರರು. ಆದರೆ ನಿಜವಾಗಿ ಮೊಳಕೆಯ ವ್ಯವಹಾರ ಮಾಡುವ ಮಲೆನಾಡಿನ ಅಡಿಕೆ ಬೆಳೆಗಾರ ಈ ಮಾತನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಅವನು ಮೊದಲು ತಾಯಿಮರ ನೋಡುತ್ತಾನೆ. ಹಣ್ಣಡಿಕೆ ಮೊಳೆತ ಮೇಲೂ ವರ್ಷ, ಒಂದೂವರೆ ವರ್ಷ ಕಾಯುತ್ತಾನೆ. ನಾಟಿಗೆ ಸಸಿ ಆರಿಸಲು ವಿಜ್ಞಾನಿಗಳು ಹೇಳಿಕೊಟ್ಟ ಲೆಕ್ಕವೊಂದಿದೆ. ಎಲೆಗಳ ಸಂಖ್ಯೆಯನ್ನು 40ರಿಂದ ಗುಣಿಸಿ, ಅದರಿಂದ ಸಸಿಯ ಎತ್ತರವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಕಳೆಯಬೇಕು. 5 ಎಲೆಯ, 90 ಸೆಂ.ಮೀ. ಎತ್ತರದ ಗಿಡ್ಡ ಸಸಿಗೆ 110 ಅಂಕ. 4 ಎಲೆಯ, 120 ಸೆಂ.ಮೀ. ಎತ್ತರದ ಸಸಿಗೆ ಬರೀ 40. ಗಮನಿಸಿ, ಇಲ್ಲಿ ಎತ್ತರವನ್ನು ಕೂಡಿಸುವುದಿಲ್ಲ, ಕಳೆಯುತ್ತಾರೆ!

ಮಕ್ಕಳನ್ನು ಆಟಕ್ಕೆ ಆರಿಸುವಾಗ ಮಾತ್ರ ದೊಡ್ಡವರ ಲೆಕ್ಕ ತಿರುಗುಮುರುಗು. ಶಿವಮೊಗ್ಗದಲ್ಲಾಗಲಿ, ಅಲ್ಲಿಂದ ಅರ್ಧ ಗಂಟೆಯ ದಾರಿಯ ಭದ್ರಾವತಿಯಲ್ಲಾಗಲಿ, ಆಯ್ಕೆ ಶಿಬಿರದ ದಿನ ಮೈದಾನದ ಅಂಚಿಗೆ ಹೋಗಿ ನಿಂತರೆ ಇದು ಗೊತ್ತಾಗುತ್ತದೆ. ಎದೆಗೆ ನಂಬರಿನ ಚೀಟಿ ಅಂಟಿಸಿಕೊಂಡ ಹುಡುಗರು. ಎತ್ತರ, ತೂಕ, ನಿಂತಲ್ಲಿಂದ ಜಿಗಿತ, ಓಟ. ಆಮೇಲೆ ಹತ್ತು ನಿಮಿಷದ ಆಟ. ಬೇಲಿಯಾಚೆ ಟಿಫಿನ್ ಕ್ಯಾರಿಯರ್ ಹಿಡಿದ ಅಪ್ಪ, ಸೆರಗಿನ ತುದಿ ಹಿಂಡುತ್ತಿರುವ ಅಮ್ಮ. ಎತ್ತರದ ಹುಡುಗನ ಕಡೆ ಎಲ್ಲರ ಕಣ್ಣೂ ತಾನಾಗಿಯೇ ಹೊರಳುತ್ತದೆ. ಸಂಜೆ ಹಲಗೆಗೆ ಪಟ್ಟಿ ಅಂಟಿಸಿದಾಗ ಕೆಲವರು ಕುಣಿಯುತ್ತಾರೆ, ಹೆಚ್ಚಿನವರು ತಲೆ ತಗ್ಗಿಸಿ ಬಸ್ ನಿಲ್ದಾಣದ ದಾರಿ ಹಿಡಿಯುತ್ತಾರೆ. ಆ ಪಟ್ಟಿ ಎಷ್ಟು ನಿಜ ಹೇಳುತ್ತದೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಭದ್ರಾವತಿಯವರು ದೂರ ಹೋಗಬೇಕಾಗಿಲ್ಲ. 1949ರ ಫೆಬ್ರುವರಿ 12ರಂದು ಅದೇ ಊರಿನಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಬೆಳೆದು ನಿಂತಾಗಲೂ ಐದು ಅಡಿಯ ಮೇಲೆ ಕೆಲವೇ ಅಂಗುಲದ ಆಳು. ಅಳತೆಪಟ್ಟಿ ಮಾತ್ರ ಹಿಡಿದು ಕೂತ ಯಾರಿಗೂ ಅವರು ವೇಗದ ಬೌಲಿಂಗ್ ಎದುರಿಸುವ ಆಳಾಗಿ ಕಾಣುತ್ತಿರಲಿಲ್ಲ. 1967ರಲ್ಲಿ ಮೈಸೂರು ತಂಡದ ಪರವಾಗಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಅವರು 230 ರನ್ ಹೊಡೆದರು. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ನಾಯಕ ಪಟೌಡಿ ಎದೆಗುಂದಬೇಡ ಎಂದು ಧೈರ್ಯ ತುಂಬಿದರು. ಎರಡನೆಯ ಇನಿಂಗ್ಸ್‌ನಲ್ಲಿ 137!

ಒಂದು ದಿನದ ಆಯ್ಕೆ ಶಿಬಿರ ಎಂದರೆ ಕಾನ್ಪುರದ ಮೊದಲ ಇನಿಂಗ್ಸ್ ಇದ್ದಂತೆ. ಅಲ್ಲಿಗೇ ಪುಸ್ತಕ ಮುಚ್ಚಿದ್ದರೆ ಆ ಹುಡುಗನ ಹೆಸರಿನ ಮುಂದೆ ಸೊನ್ನೆ ಮಾತ್ರ ಉಳಿಯುತ್ತಿತ್ತು. ಮುಚ್ಚಲಿಲ್ಲವಾದ್ದರಿಂದ 91 ಟೆಸ್ಟ್, 6080 ರನ್, 14 ಶತಕ ಬಂದವು. ಅವರು ಶತಕ ಹೊಡೆದ ಒಂದು ಟೆಸ್ಟ್ ಪಂದ್ಯವನ್ನೂ ಭಾರತ ಸೋಲಲಿಲ್ಲ. ಅವರ ಅತ್ಯುತ್ತಮ ಆಟ ಯಾವುದು ಎಂದು ಕೇಳಿದರೆ ಹಳಬರು ಹೇಳುವುದು ಶತಕವನ್ನೂ ಅಲ್ಲ. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್‌ನ ಆ್ಯಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತ ದಿನ, ತಂಡದ ಒಟ್ಟು 190ರಲ್ಲಿ ವಿಶ್ವನಾಥ್ ಅವರದು ಔಟಾಗದೆ 97. ಬರೀ ಅಂಕಿ ನೋಡುವವರ ಪುಸ್ತಕದಲ್ಲಿ ಅದು ಇನ್ನೊಂದು ಅರ್ಧ ಶತಕ, ಅಷ್ಟೆ.

ಹಾಗಾದರೆ ಅಳತೆಯೇ ಬೇಡವೇ? ಬೇಕು. ಓಡಲಾರದ ಹುಡುಗ ಹಾಕಿ ಆಡಲಾರ. ತೊಂದರೆ ಇರುವುದು ಅಳತೆಯಲ್ಲಲ್ಲ, ಅಳೆಯುವ ಹೊತ್ತಿನಲ್ಲಿ. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ಇಬ್ಬರೂ ಒಂದೇ ತರಗತಿ, ಒಂದೇ ವಯೋಮಿತಿ. ಬೇಗ ಬೆಳೆದವನ ಬಲ ಆಟದ ಪ್ರತಿಭೆಯಂತೆ ಕಾಣುತ್ತದೆ. ಮೂರು ವರ್ಷ ಕಳೆದು ಎಲ್ಲರೂ ಬೆಳೆದ ಮೇಲೆ ಆ ಅಂತರ ಕರಗುತ್ತದೆ. ಅಷ್ಟರಲ್ಲಿ ಚಿಕ್ಕವನು ಬ್ಯಾಟು ಅಟ್ಟಕ್ಕೆ ಎಸೆದಿರುತ್ತಾನೆ.

ಕೆನಡಾ ದೇಶದ ರೋಜರ್ ಬಾರ್ನ್‌ಸ್ಲಿ ಎಂಬ ಮನಶ್ಶಾಸ್ತ್ರಜ್ಞ ಸಂಗಡಿಗರೊಂದಿಗೆ 1985ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ಅಲ್ಲಿ ಮಂಜುಗಡ್ಡೆಯ ಮೇಲಾಡುವ ಹಾಕಿಗೆ ಮಕ್ಕಳ ವಯಸ್ಸನ್ನು ಜನವರಿ 1ರಿಂದ ಎಣಿಸುತ್ತಿದ್ದರು. ದೊಡ್ಡ ತಂಡಗಳಲ್ಲಿ ನೋಡಿದರೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು, ಕೊನೆಯ ತಿಂಗಳುಗಳವರು ಕಡಿಮೆ. ಜನವರಿಯ ಮಗು ಡಿಸೆಂಬರಿನ ಮಗುವಿಗಿಂತ ಹನ್ನೊಂದು ತಿಂಗಳು ದೊಡ್ಡದು. ಆ ವಯಸ್ಸಿಗೆ ಅದೇನು ಸಣ್ಣ ಅಂತರವೇ? ದೊಡ್ಡದನ್ನು ಆರಿಸುತ್ತಾರೆ, ಅದಕ್ಕೆ ಒಳ್ಳೆಯ ತರಬೇತಿ ಸಿಗುತ್ತದೆ, ತರಬೇತಿಯಿಂದ ಅದು ನಿಜವಾಗಿಯೂ ಚೆನ್ನಾಗಿ ಆಡತೊಡಗುತ್ತದೆ. ಆಮೇಲೆ ಆರಿಸಿದವರು, ನೋಡಿ, ನಮ್ಮ ಕಣ್ಣು ತಪ್ಪಲಿಲ್ಲ ಎನ್ನುತ್ತಾರೆ! 2013ರಲ್ಲಿ ಬಂದ ಇನ್ನೊಂದು ಅಧ್ಯಯನ, ಅಲ್ಲಿನ ವೃತ್ತಿಪರ ತಂಡಗಳು ವರ್ಷದ ಕೊನೆಯಲ್ಲಿ ಹುಟ್ಟಿದವರ ಬೆಲೆಯನ್ನು ಕಡಿಮೆ ಕಟ್ಟಿದ್ದವು, ಅವರು ಎಣಿಸಿದ್ದಕ್ಕಿಂತ ಹೆಚ್ಚು ಸಾಧಿಸಿದರು ಎಂದು ತೋರಿಸಿತು.

ವಯಸ್ಸಿನ ಮಾತು ಬಂದಾಗ ಇಲ್ಲಿಯ ಪಾಲಕರು ಮುಸಿಮುಸಿ ನಗುವುದುಂಟು. ಒಂದು ಕಾಲಕ್ಕೆ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದದ್ದೇ ಜನ್ಮದಿನ. ಆದರೆ ಆಯ್ಕೆಗಾಗಿ ವಯಸ್ಸು ಇಳಿಸುವುದು ನಗುವ ವಿಷಯವಲ್ಲ. ಕ್ರಿಕೆಟ್ ಮಂಡಳಿ 16 ವರ್ಷದೊಳಗಿನ ಹುಡುಗರ ಎಡಗೈ ಮಣಿಕಟ್ಟಿನ ಎಕ್ಸ್‌-ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದವರಿಗೆ ಎರಡು ವರ್ಷ ನಿಷೇಧ ಎಂದು 2020ರಲ್ಲಿ ಸಾರಿತು. ಅಪ್ಪ ಮಾಡಿಸಿದ ಸುಳ್ಳು ಕಾಗದಕ್ಕೆ ಶಿಕ್ಷೆ ಮಗನಿಗೆ. ಪಕ್ಕದ ಮನೆಯ, ನಿಜ ವಯಸ್ಸಿನ ಹುಡುಗನ ಜಾಗವನ್ನು ಕಸಿದ ಪಾಪ ಬೇರೆ. ಅಂದಹಾಗೆ, ಮಣಿಕಟ್ಟಿನ ಎಕ್ಸ್‌-ರೇ ಮೂಳೆಯ ವಯಸ್ಸನ್ನು ಹೇಳೀತು. ಆ ಮಣಿಕಟ್ಟು ಚೆಂಡನ್ನು ಹೇಗೆ ತಿರುಗಿಸಬಲ್ಲದು ಎಂಬುದನ್ನು ಹೇಳಲಾರದು. ವಿಶ್ವನಾಥ್ ಹೆಸರು ಮಾಡಿದ್ದು ಮಣಿಕಟ್ಟಿನಿಂದಲೇ.

ನೆಲದ ಮಾತೂ ಇದೆ. ಭಾರತದ ಹಾಕಿ ತಂಡ 1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದಿತು. ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಸಲ ಕೃತಕ ಹುಲ್ಲಿಗೆ ಏರಿತು. ಭಾರತಕ್ಕೆ ಏಳನೆಯ ಸ್ಥಾನ. ವಿಶ್ವವಿಜೇತರನ್ನೇ ಹೊಸ ನೆಲ ಹೀಗೆ ಅಲ್ಲಾಡಿಸಿತೆಂದರೆ, ಮಣ್ಣಿನ ಮೈದಾನದಲ್ಲೋ ಮ್ಯಾಟ್ ಮೇಲೋ ಆಡಿ ಬೆಳೆದ ಹುಡುಗ ಶಿಬಿರದ ಮೊದಲ ದಿನ ಹೊಸ ನೆಲದಲ್ಲಿ ತಡವರಿಸಿದರೆ ಅದು ಅವನ ದೋಷವೇ?

ಒಳ್ಳೆಯ ಆಯ್ಕೆಗಾರ ಹಾಗಾದರೆ ಏನು ನೋಡುತ್ತಾನೆ? ಹಾಕಿ ಪಂದ್ಯ 60 ನಿಮಿಷ, ಆಡುವವರು 22 ಜನ. ಸಮನಾಗಿ ಹಂಚಿದರೆ ಒಬ್ಬನ ಪಾಲಿಗೆ ಚೆಂಡು ಸಿಗುವುದು ಮೂರು ನಿಮಿಷಕ್ಕೂ ಕಡಿಮೆ. ಉಳಿದ ಹೊತ್ತು ಅವನೇನು ಮಾಡುತ್ತಾನೆ? ಜಾಗ ಹುಡುಕಿ ಓಡುತ್ತಾನೋ, ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾನೋ? ಚೆಂಡು ಬರುವ ಮುನ್ನವೇ ತಲೆಯೆತ್ತಿ ಸುತ್ತ ನೋಡುತ್ತಾನೋ? ತಪ್ಪು ಮಾಡಿದ ಮರುಕ್ಷಣ ಚೆಂಡು ಕಸಿಯಲು ಹಿಂದಿರುಗಿ ಓಡುತ್ತಾನೋ, ಸಂಗಡಿಗನ ಮೇಲೆ ರೇಗುತ್ತಾನೋ? ಮೊದಲ ದಿನ ಹೇಳಿಕೊಟ್ಟದ್ದು ಮೂರನೆಯ ದಿನ ಅವನ ಆಟದಲ್ಲಿ ಕಂಡಿತೋ? ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಇಂದು ಎಷ್ಟು ಬಲ್ಲ ಎಂಬುದು ನಿನ್ನೆಯವರೆಗೆ ಸಿಕ್ಕ ಅವಕಾಶದ ಲೆಕ್ಕ. ಎಷ್ಟು ಬೇಗ ಕಲಿಯುತ್ತಾನೆ ಎಂಬುದು ನಾಳೆಯ ಲೆಕ್ಕ. ಇದಕ್ಕೆ ಒಂದು ಬೆಳಗಿನ ಶಿಬಿರ ಸಾಲದು. ಬೇರೆ ಬೇರೆ ದಿನ ನೋಡಬೇಕು, ಮೂರು ಜನ ನೋಡಬೇಕು, ಒಬ್ಬರು ಬಾಯಿ ಬಿಡುವ ಮುನ್ನ ಮೂವರೂ ತಮ್ಮ ತಮ್ಮ ಅಂಕ ಬರೆದಿಡಬೇಕು. ಇಲ್ಲವಾದರೆ ಹಿರಿಯರ ಮಾತೇ ಎಲ್ಲರ ಮಾತಾಗುತ್ತದೆ.

ಪಾಲಕರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. 2022ರಲ್ಲಿ ಮಹಾರಾಜ ಟ್ರೋಫಿ ಆರಂಭವಾದಾಗಿನಿಂದ ಶಿವಮೊಗ್ಗದ ಹೆಸರಿನದೇ ಒಂದು ವೃತ್ತಿಪರ ಕ್ರಿಕೆಟ್ ತಂಡ ಟಿವಿಯಲ್ಲಿ ಕಾಣುತ್ತದೆ. ಆಸೆ ಹುಟ್ಟುವುದು ಸಹಜ. ಇತ್ತ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಆದವು. ಕಬ್ಬಿಣದ ಕಾರ್ಖಾನೆ ಮುಚ್ಚುವ ಸುದ್ದಿ 2023ರ ಆರಂಭದಲ್ಲಿ ಬಂದಾಗ ಇಡೀ ಊರು ಬೀದಿಗಿಳಿಯಿತು. ಅಪ್ಪನ ಕೆಲಸ ಮಗನಿಗೂ ಇದ್ದೀತು ಎಂಬ ಭರವಸೆ ಹೋದ ಮನೆಯಲ್ಲಿ ಮಗನ ಆಟದ ಮೇಲೆ ಎಷ್ಟು ಭಾರ ಬೀಳುತ್ತದೆ! ಆ ಭಾರ ಹೊತ್ತು ಹುಡುಗ ಹಗುರವಾಗಿ ಓಡುವುದು ಹೇಗೆ?

ಆದ್ದರಿಂದ ಪಾಲಕರು ಮಾಡಬಹುದಾದ ಕೆಲಸ ಎರಡೇ. ಶಾಲೆ ಬಿಡಿಸಬಾರದು, ಆಟವೂ ಪಾಠವೂ ಜೋಡೆತ್ತಿನಂತೆ ಸಾಗಲಿ. ಪಟ್ಟಿಯಲ್ಲಿ ಹೆಸರಿಲ್ಲದ ದಿನ ತರಬೇತುದಾರರ ಬಳಿ ಹೋಗಿ, ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಜಗಳಕ್ಕೆ ನಿಲ್ಲದೆ, ಮುಂದಿನ ವರ್ಷದೊಳಗೆ ಇವನು ಏನು ಕಲಿಯಬೇಕು ಎಂದು ಕೇಳಬೇಕು. ಉತ್ತರವನ್ನು ಹುಡುಗನೇ ಕೇಳಿಸಿಕೊಳ್ಳಲಿ.

ವಿದ್ಯಾರ್ಥಿಗಳಿಗೆ ಒಂದೇ ಮಾತು. ಹಲಗೆಯ ಮೇಲಿನ ಪಟ್ಟಿ ಹೇಳುವುದು ಆ ದಿನ, ಆ ನೆಲದಲ್ಲಿ, ಆ ಕಣ್ಣುಗಳಿಗೆ ಕಂಡದ್ದನ್ನು ಮಾತ್ರ. ಹೆಸರಿದ್ದವನ ಕೆಲಸ ಮುಗಿಯಲಿಲ್ಲ, ಇಲ್ಲದವನ ಆಟ ಮುಗಿಯಲಿಲ್ಲ. ಮರುದಿನ ಸಂಜೆ ಮೈದಾನಕ್ಕೆ ಯಾರು ಬರುತ್ತಾರೆ ಎಂಬುದು ಯಾವ ಆಯ್ಕೆಗಾರನ ಪುಸ್ತಕದಲ್ಲೂ ಇರುವುದಿಲ್ಲ.