ಹಿತ್ತಲಿನ ಜೋಲು ಮೇಪಲ್

ಬೀವರ್ಟನ್, 11 ಫೆಬ್ರವರಿ 2024, ಭಾನುವಾರ

ಮಳೆ ಬಿಟ್ಟಿತ್ತು. ಬೋಳು ಮೇಪಲ್ಲಿನ ಬುಡದಲ್ಲಿ ಹಳೇ ಚಾಪೆ ಹಾಸಿ, ರೆಂಬೆಗಳ ಒಳಗೆ ತಲೆ ತೂರಿಸಿ ಕೂತೆ. ಇದನ್ನು ಹೊರಗೆ ನಿಂತು ಸವರಬಾರದು. ಮೇಲಿನಿಂದ ಕೊಡೆಯಂತೆ ದುಂಡಗೆ ಕತ್ತರಿಸಿದರೆ ಗಿಡ ಬರೀ ಪೊದೆಯಾಗುತ್ತದೆ. ಯಾವ ರೆಂಬೆ ಎಲ್ಲಿ ಹುಟ್ಟಿ ಎಲ್ಲಿ ಬಾಗಿದೆ ಎಂಬುದು ಒಳಗಿನಿಂದಲೇ ಕಾಣಬೇಕು. ಮೊದಲು ಒಣಕಡ್ಡಿ ತೆಗೆದೆ. ಬೂದು ಬಣ್ಣದವು, ಬೆರಳು ತಾಗಿದರೆ ಲಟಕ್ಕೆನ್ನುತ್ತವೆ. ಆಮೇಲೆ ಒಂದಕ್ಕೊಂದು ಉಜ್ಜುವ ಸಣ್ಣವು. ದೊಡ್ಡದನ್ನು ಮುಟ್ಟಲಿಲ್ಲ.

ನೆತ್ತಿಯ ರೆಂಬೆಯನ್ನು ಬಿದಿರುಕೋಲಿಗೆ ಮತ್ತೆ ಸಡಿಲವಾಗಿ ಕಟ್ಟಿದೆ. ಈ ಜಾತಿ ತಾನಾಗಿ ಮೇಲೇಳುವುದು ಕಡಿಮೆ. ಎಳೆಯದಿದ್ದಾಗ ಎಷ್ಟೆತ್ತರಕ್ಕೆ ಎತ್ತಿ ಕಟ್ಟುತ್ತೇವೋ ಅಲ್ಲಿಂದ ಕೆಳಗಿಳಿಯುತ್ತದೆ.

20 ಏಪ್ರಿಲ್, ಶನಿವಾರ

ನಮ್ಮ ಮೇಪಲ್, ಕ್ರಿಮ್ಸನ್ ಕ್ವೀನ್ ತಳಿಯದು, ಪೂರ್ತಿ ಚಿಗುರಿದೆ. ಕಡುಗೆಂಪು ಎಲೆ, ಬುಡದವರೆಗೆ ಸೀಳು, ಒಂದೊಂದು ಸೀಳಿನ ಅಂಚೂ ಮತ್ತೆ ಸಣ್ಣಗೆ ಕೊಯ್ದಿದೆ. ಕಸಿಗಂಟಿನ ಕೆಳಗೆ ಮಾತ್ರ ಅಗಲ ಎಲೆಯ ಹಸಿರು ಚಿಗುರೊಂದು ನೆಟ್ಟಗೆ ನಿಂತಿತ್ತು. ಸಾಗರದಲ್ಲಿರುವ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಮ್ಮ ಕಸಿ ಮಾವು ಬೆಳೆಸಿದವಳು, ಈ ಮರದ ಹೆಸರೂ ಕೇಳಲಿಲ್ಲ. "ಅದು ಬುಡದ ಗಿಡದ್ದು ಮಾರಾಯ್ತಿ, ಇವತ್ತೇ ತೆಗಿ. ಬಿಟ್ರೆ ಮೇಲಿನದ್ದನ್ನ ಬದುಕಕ್ಕೆ ಬಿಡ್ತಿಲ್ಲೆ" ಎಂದಳು. ತೆಗೆದೆ.

7 ಜುಲೈ, ಭಾನುವಾರ

ವಿಪರೀತ ಸೆಖೆ. ಬೆಳಿಗ್ಗೆ ಬೇಗ ಎದ್ದು ಪೈಪನ್ನು ಸಣ್ಣಗೆ ಬಿಟ್ಟು ಬುಡಕ್ಕೆ ನೀರುಣಿಸಿದೆ. ಬೇರುಗಳೆಲ್ಲ ಮೇಲುಮಣ್ಣಿನಲ್ಲೇ ಇರುವುದರಿಂದ ಬೇಗ ಒಣಗುತ್ತದೆ. ತೊಗಟೆಪುಡಿಯ ಹೊದಿಕೆ ಎರಡು ಮೂರು ಅಂಗುಲ ಇರಲಿ, ಆದರೆ ಕಾಂಡಕ್ಕೆ ತಾಗಬಾರದು. ತಾಗಿದರೆ ತೊಗಟೆ ಕೊಳೆಯುತ್ತದೆ. 2021ರ ಜೂನ್ 28ರಂದು ಪೋರ್ಟ್‌ಲೆಂಡಿನಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್ ಆಗಿತ್ತು. ಬೀದಿಯ ಎಷ್ಟೋ ಮೇಪಲ್‌ಗಳ ಪಶ್ಚಿಮದ ಮಗ್ಗುಲು ಕಂದಾಗಿ ಸುರುಟಿದ್ದು ಕಣ್ಣಲ್ಲಿದೆ. ಇದನ್ನು ಮನೆಯ ಪೂರ್ವಕ್ಕೆ ನೆಟ್ಟದ್ದು ಅದಕ್ಕೇ. ಇವತ್ತು ಎಲೆಯ ತುದಿ ಅಷ್ಟೇ ಸುಟ್ಟಿದೆ.

2 ನವೆಂಬರ್, ಶನಿವಾರ

ಪೋರ್ಟ್‌ಲೆಂಡಿನ ಜಪಾನಿ ತೋಟಕ್ಕೆ ಹೋಗಿದ್ದೆವು. ಟಕುಮಾ ಟೋನೋ ರೂಪಿಸಿದ್ದು, 1967ರಲ್ಲಿ ತೆರೆದದ್ದು. ಅಲ್ಲಿನ ಆ ಪ್ರಸಿದ್ಧ ಜೋಲು ಮೇಪಲ್ಲಿನ ಮುಂದೆ ಜನ ನೆಲಕ್ಕೆ ಕೂತು, ಮಲಗಿ, ಕೆಳಗಿನಿಂದ ಚಿತ್ರ ತೆಗೆಯುತ್ತಾರೆ. ಎಲೆಯ ಬಣ್ಣ ನೋಡಲು ಬಂದವರನ್ನೂ ಕೊನೆಗೆ ಹಿಡಿದು ನಿಲ್ಲಿಸುವುದು ಆ ತಿರುಚಿದ ರೆಂಬೆಗಳು, ಅವುಗಳ ನಡುವೆ ಬಿಟ್ಟ ಜಾಗ. ಬಣ್ಣ ಕೆಲವು ವಾರದ್ದು. ಆ ಜಾಗವನ್ನು ಎಷ್ಟೋ ಚಳಿಗಾಲ ಯಾರೋ ಕತ್ತರಿ ಹಿಡಿದು ಬಿಡಿಸಿದ್ದಾರೆ. ನನಗೆ ಬೇಕಾದದ್ದೂ ಅದೇ.

ಮನೆಗೆ ಬಂದವರೇ ಇವರು ಎಡಗಡೆಯ ದಪ್ಪ ರೆಂಬೆಯನ್ನು ಕೈಯಲ್ಲಿ ಪಕ್ಕಕ್ಕೆಳೆದು ಹಿಡಿದರು. ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಅದಿಲ್ಲದಿದ್ದರೆ ಕಾಂಡದ ತಿರುವು ಚೆನ್ನಾಗಿ ಕಾಣುತ್ತದೆ, ಆದರೆ ಬೇಲಿಯೂ ಕಾಣುತ್ತದೆ. ಎಲೆ ಪೂರ್ತಿ ಉದುರಲಿ, ಜನವರಿಯಲ್ಲಿ ಇನ್ನೊಮ್ಮೆ ಹಿಡಿಸಿ ನೋಡಬೇಕು.